ಹಾಡಿನ ಅಂಗಳ: ಡಿಸ್ಕೋ ಕಾಲದ ಹಾಡುಗಳ ಬಗ್ಗೆ ನೀವು ಕೇಳಿದ್ದು

ಅಡಿಕೆ ಸುಲಿಯೋ ರಾತ್ರಿ ನಿದ್ದೆ ಬರಬಾರ್ದು ಅಂತ ನಮ್ಮನೇಲಿ ಬೋನಿ ಎಂ ಕ್ಯಾಸೆಟ್ ಹಾಕ್ತಿದ್ರು. ಒಂದಕ್ಷರ ಅರ್ಥ ಆಗ್ದಿದ್ರೂ ಅಜ್ಜಿ ಕಾಲೂ ಅಲ್ಲಾಡ್ತಿತ್ತು. ಅಂಥದ್ದೇನಿದೆ ಆ ಹಾಡುಗಳಲ್ಲಿ?
– ಓದುಗರು, ತೀರ್ಥಹಳ್ಳಿ

ಗುಟ್ಟೆಲ್ಲ ಡ್ರಮ್ಮಲ್ಲಿದೆ ಮಾರಾಯ್ರೆ. ಹಾಡನ್ನ ಒಂದು ಎರಡು ಮೂರು ನಾಲ್ಕು ಅಂತ ಎಣಿಸ್ತಾ ಕೇಳಿ, ಡಿಸ್ಕೋ ಆದ್ರೆ ಕಾಲಲ್ಲಿ ಒತ್ತೋ ದೊಡ್ಡ ಡ್ರಮ್ಮು ನಾಲ್ಕಕ್ಕೂ ಬಿಡದೆ ಧಬ್ ಧಬ್ ಅಂತ ಬೀಳುತ್ತೆ, ಎರಡು ಧಬ್ ನಡುವಿನ ಸಂದಿಯಲ್ಲಿ ಹೈ-ಹ್ಯಾಟ್ ಅನ್ನೋ ಜೋಡಿ ತಟ್ಟೆ ತ್ಸಿ ಅಂತ ಬಾಯಿ ಬಿಡುತ್ತೆ. ಧಬ್‌ಗೆ ಕಾಲು ಕೆಳಗೆ, ತ್ಸಿಗೆ ಮೇಲೆ. ನಿಮಿಷಕ್ಕೆ ಹೆಚ್ಚುಕಡಿಮೆ 110ರಿಂದ 130 ಹೊಡೆತ, ಸ್ವಲ್ಪ ಬಿರುಸಾಗಿ ನಡೆಯೋರ ಹೆಜ್ಜೆ ಅಷ್ಟೇ ಇರುತ್ತೆ, ಅದಕ್ಕೇ ಕುಣಿಯೋಕೆ ಯಾರೂ ಕಲಿಸಬೇಕಾಗಿಲ್ಲ. ಈ ಪೆಟ್ಟನ್ನ ಗಟ್ಟಿ ಮಾಡಿದವರಲ್ಲಿ ಮುಖ್ಯ ಹೆಸರು ಫಿಲಡೆಲ್ಫಿಯಾದ ಡ್ರಮ್ಮರ್ ಅರ್ಲ್ ಯಂಗ್, 1973ರ 'ದಿ ಲವ್ ಐ ಲಾಸ್ಟ್' ಹಾಡಲ್ಲಿ ಅವರ ಕೈ ಕೇಳಿ.

ನಿಮ್ಮ ಬೋನಿ ಎಂ ಜರ್ಮನಿಯಲ್ಲಿ ಹುಟ್ಟಿದ ಗುಂಪು, ಕಟ್ಟಿದ್ದು ಫ್ರಾಂಕ್ ಫಾರಿಯನ್. 'ಡ್ಯಾಡಿ ಕೂಲ್' ರೆಕಾರ್ಡಲ್ಲಿರೋ ಆ ಗಡಸು ಗಂಡು ದನಿ ಸ್ಟೇಜ್ ಮೇಲೆ ಕುಣೀತಿದ್ದ ಬಾಬಿ ಫಾರೆಲ್ ಅವರದ್ದಲ್ಲ, ಫಾರಿಯನ್ ಅವರದ್ದೇ. ಆದ್ರೂ ಫಾರೆಲ್ ಕುಣಿತ ಇಲ್ದೆ ಬೋನಿ ಎಂ ಅನ್ನೋದನ್ನ ನನಗೆ ಊಹಿಸೋಕೂ ಆಗಲ್ಲ.

ಹಿಂದಿ ಡಿಸ್ಕೋ ಹಾಡೆಲ್ಲ ಕದ್ದ ಮಾಲು ಅಂತ ನಮ್ಮ ಮೊಮ್ಮಗ ಮೊಬೈಲಲ್ಲಿ ಒಂದೊಂದೇ ತೋರಿಸ್ತಾನೆ. ನಾವು ಇಷ್ಟಪಟ್ಟಿದ್ದೆಲ್ಲ ನಕಲಾ?
– ಓದುಗರು, ಸಾಗರ

ಮೊಮ್ಮಗ ಹೇಳೋದ್ರಲ್ಲಿ ನಿಜ ಇದೆ. 1982ರ 'ಡಿಸ್ಕೋ ಡ್ಯಾನ್ಸರ್' ಸಿನಿಮಾದ 'ಜಿಮ್ಮಿ ಜಿಮ್ಮಿ'ಗೆ ಒಟ್ಟಾವನ್ ಅನ್ನೋ ಫ್ರೆಂಚ್ ಜೋಡಿಯ ಹಾಡು ಮೂಲ, ಉಷಾ ಉತುಪ್ ಹಾಡಿದ 'ಹರಿ ಓಂ ಹರಿ'ಗೆ ಇರಪ್ಷನ್ ಗುಂಪಿನ 'ಒನ್ ವೇ ಟಿಕೆಟ್' ಮೂಲ. ಆದ್ರೆ ಮೊಮ್ಮಗನಿಗೆ ಇದನ್ನೂ ಹೇಳಿ, ಆ 'ಒನ್ ವೇ ಟಿಕೆಟ್' ಕೂಡ ಇರಪ್ಷನ್ ಅವರ ಸ್ವಂತದ್ದಲ್ಲ, 1959ರಲ್ಲೇ ನೀಲ್ ಸೆಡಾಕಾ ಹಾಡಿದ್ದು. ವ್ಯತ್ಯಾಸ ಏನಂದ್ರೆ ಅವರು ಹಳೇ ಹಾಡನ್ನ ಅದರ ಹೆಸರಲ್ಲೇ ಹೊಸದಾಗಿ ಹಾಡಿದ್ರು, ನಮ್ಮಲ್ಲಿ ಮೂಲದವರ ಹೆಸರೇ ಮಾಯ ಆಗೋಯ್ತು. ಅದು ತಪ್ಪೇ, ಈ ಎರಡಕ್ಕೂ ಸಂಗೀತ ಕೊಟ್ಟ ಬಪ್ಪಿ ಲಾಹಿರಿ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ರೂ ತಪ್ಪೇ. ಹಾಗಂತ ಹಾಡಿದವರ ಪ್ರತಿಭೆ ಸುಳ್ಳಾಗಲ್ಲ, ಉಷಾ ಉತುಪ್ ಆ ಮಂದ್ರದ ದನಿಯಲ್ಲಿ ಎತ್ತಿಕೊಳ್ಳೋದನ್ನ ಯಾರಿಂದ ಕದಿಯೋಕಾಗುತ್ತೆ ಹೇಳಿ.

ಇನ್ನೊಂದು, ಎಲ್ಲಾನೂ ನಕಲಲ್ಲ. 1980ರ 'ಕುರ್ಬಾನಿ'ಯ 'ಆಪ್ ಜೈಸಾ ಕೋಯಿ' ಕೇಳಿ. ಅದನ್ನ ಮಾಡಿದ 'ಬಿದ್ದು' ಅನ್ನೋ ಹೆಸರಿನ ಸಂಗೀತಗಾರರು ನಮ್ಮ ಬೆಂಗಳೂರಲ್ಲಿ ಹುಟ್ಟಿದವರು, ಲಂಡನ್ನಿಗೆ ಹೋಗಿ 1974ರಲ್ಲಿ ಕಾರ್ಲ್ ಡಗ್ಲಸ್ ಕೈಲಿ 'ಕುಂಗ್ ಫೂ ಫೈಟಿಂಗ್' ಹಾಡಿಸಿ ಬ್ರಿಟನ್ನಲ್ಲೂ ಅಮೆರಿಕಾದಲ್ಲೂ ನಂಬರ್ ಒನ್ ಮಾಡಿದವರು. ಡಿಸ್ಕೋ ಅಲೆ ಏಳೋ ಹೊತ್ತಲ್ಲೇ ಅದರ ಒಳಗಿದ್ದ ಮನುಷ್ಯ ಅವರು, ಹೊರಗಿಂದ ನೋಡಿ ಕಲಿತವರಲ್ಲ. ಹಾಡಿದ ನಾಜಿಯಾ ಹಸನ್ ಆಗ ಹದಿನೈದರ ಹುಡುಗಿ, ಕರಾಚಿ ಮೂಲದವಳು. ಮರುವರ್ಷ ಅದೇ ಬಿದ್ದು ಜೊತೆ 'ಡಿಸ್ಕೋ ದೀವಾನೆ' ಬಂತು. ಕರ್ನಾಟಕದವರಾಗಿ ನಾವು ಬಿದ್ದು ಹೆಸರನ್ನ ಇಷ್ಟು ಕಡಿಮೆ ಎತ್ತೋದು ನನಗೆ ನಿಜಕ್ಕೂ ಬೇಜಾರು.

'ಸ್ಟೇಯಿಂಗ್ ಅಲೈವ್' ಹಾಡಿನ ತಾಳಕ್ಕೆ ಎದೆ ಒತ್ತಿದ್ರೆ ಜೀವ ಉಳಿಸಬಹುದು ಅಂತ ಟ್ರೈನಿಂಗಲ್ಲಿ ಹೇಳಿದ್ರು. ತಮಾಷೆಗಾ?
– ನರ್ಸಿಂಗ್ ವಿದ್ಯಾರ್ಥಿನಿ, ಭದ್ರಾವತಿ

ತಮಾಷೆ ಅಲ್ಲಮ್ಮ. ಹೃದಯ ನಿಂತವರಿಗೆ ಎದೆ ಒತ್ತಬೇಕಾದ್ದು ನಿಮಿಷಕ್ಕೆ 100ರಿಂದ 120 ಸಲ, ಬೀ ಜೀಸ್ ಅವರ ಈ ಹಾಡಿನ ವೇಗ ಸುಮಾರು 103. ಗಾಬರೀಲಿ ಎಣಿಕೆ ತಪ್ಪುತ್ತೆ, ಬಾಯಿಗೆ ಬರೋ ಹಾಡು ತಪ್ಪಲ್ಲ. ಮೊದಲು ಯಾರಿಗಾದ್ರೂ 108ಕ್ಕೆ ಫೋನ್ ಮಾಡೋಕೆ ಹೇಳಿ, ಆಮೇಲೆ ಶುರು ಮಾಡಿ.

ಆ ಹಾಡಿನ ಡ್ರಮ್ ಕಥೆ ಗೊತ್ತಾ? 1977ರಲ್ಲಿ ಫ್ರಾನ್ಸಲ್ಲಿ ರೆಕಾರ್ಡಿಂಗ್ ನಡೀತಿದ್ದಾಗ ಡ್ರಮ್ಮರ್ ಡೆನ್ನಿಸ್ ಬ್ರೈಯನ್ ಮನೇಲಿ ಸಾವಾಗಿ ಊರಿಗೆ ಹೋಗಬೇಕಾಯ್ತು. ಉಳಿದವರು 'ನೈಟ್ ಫೀವರ್'ಗೆ ಅವರು ಆಗಲೇ ನುಡಿಸಿಟ್ಟಿದ್ದ ಟೇಪಿಂದ ಎರಡು ಆವರ್ತ ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಉಂಗುರದ ಹಾಗೆ ಸುತ್ತಿಸಿದ್ರು. ಹಾಡಿನ ಉದ್ದಕ್ಕೂ ಸ್ವಲ್ಪಾನೂ ಅಲುಗದೆ ಅದೇ ಪೆಟ್ಟು ಬರೋದು ಅದಕ್ಕೇ. ಡ್ರಮ್ಮರ್ ಯಾರು ಅಂತ ಕೇಳಿದವರಿಗೆ ಬರ್ನಾರ್ಡ್ ಲೂಪ್ ಅನ್ನೋ ಇಲ್ಲದ ಹೆಸರು ಕೊಟ್ರು, ಲೂಪ್ ಅಂದ್ರೆ ಆ ಟೇಪಿನ ಉಂಗುರಾನೇ!

ಕಾಲೇಜಿನ ಹಳೇ ಗೆಳೆಯರೆಲ್ಲ ಸೇರ್ತಿದ್ದೀವಿ, ಒಂದು ಗಂಟೆ ಡಿಸ್ಕೋ ಹಾಡು ಹಾಕೋ ಪ್ಲಾನು. ಕನ್ನಡದ್ದೂ ಬೇಕು, ಏನು ಹಾಕೋದು?
– ಓದುಗರು, ಶಿವಮೊಗ್ಗ

ಶುರುಗೆ ಅಬ್ಬಾ ಗುಂಪಿನ 'ಡ್ಯಾನ್ಸಿಂಗ್ ಕ್ವೀನ್' ಹಾಕಿ, ಅದು ನಿಧಾನದ ಹಾಡು, ನಾಚಿಕೆ ಇರೋರೂ ಎದ್ದು ಬರ್ತಾರೆ. ಆಮೇಲೆ ನಾಜಿಯಾ, ಆಮೇಲೆ ಬಪ್ಪಿ. ಕನ್ನಡದಲ್ಲಿ 1981ರ 'ಗೀತಾ' ಸಿನಿಮಾದ 'ಸಂತೋಷಕ್ಕೆ' ಬಿಡಲೇಬೇಡಿ, ಇಳಯರಾಜ ಸಂಗೀತ, ಎಸ್‌ಪಿಬಿ ದನಿ, ತೆರೆ ಮೇಲೆ ಶಂಕರ್ ನಾಗ್. ಆಗುಂಬೆಗೆ ಬಂದು 'ಮಾಲ್ಗುಡಿ ಡೇಸ್' ತೆಗೆದ ಮನುಷ್ಯ ಅಂದ್ಮೇಲೆ ನಮ್ಮ ಕಡೆಯವರಿಗೆ ಆ ಹಾಡು ಇನ್ನೊಂಚೂರು ಜಾಸ್ತೀನೇ ನಮ್ಮದು. ರಾಜ್‌ಕುಮಾರ್ ಇಂಗ್ಲಿಷಲ್ಲಿ ಹಾಡಿದ 'ಇಫ್ ಯು ಕಮ್ ಟುಡೇ' 1978ರದ್ದು, ಅದು ಪಕ್ಕಾ ಡಿಸ್ಕೋ ಅಲ್ಲ, ಆದ್ರೆ ಹಾಕಿದ್ರೆ ಎಲ್ರೂ ಒಟ್ಟಿಗೆ ಹಾಡ್ತಾರೆ.

ರೀಮಿಕ್ಸ್ ಬೇಡ, ದಯವಿಟ್ಟು. ಡೋನಾ ಸಮ್ಮರ್ ಅವರ 'ಐ ಫೀಲ್ ಲವ್' ಹಾಕೋದಾದ್ರೆ ಉದ್ದದ ಆವೃತ್ತಿನೇ ಹುಡುಕಿ, 1977ರಲ್ಲಿ ಜಾರ್ಜಿಯೋ ಮೊರೋಡರ್ ಹೆಚ್ಚುಕಮ್ಮಿ ಪೂರ್ತಿ ಸಿಂಥಸೈಜರಲ್ಲೇ ಕಟ್ಟಿದ ಹಾಡದು, ಮೂರು ನಿಮಿಷಕ್ಕೆ ಕತ್ತರಿಸಿದ್ರೆ ಮೈಗೆ ಹತ್ತೋದ್ರೊಳಗೆ ಮುಗಿದುಹೋಗುತ್ತೆ. ಹಾಲ್‌ಗೆ ತಗಡಿನ ಮಾಡು ಇದ್ರೆ ಬೇಸ್ ಸ್ವಲ್ಪ ಇಳಿಸಿ, ಇಲ್ಲಾಂದ್ರೆ ತಗಡಿನ ಗಡಗಡದಲ್ಲಿ ಆ ತ್ಸಿ ಕೇಳೋದೇ ಇಲ್ಲ.