ಬಿಚ್ಚುವುದು ಅಂಗಳದಲ್ಲಿ, ಒತ್ತುವುದು ಪ್ರೆಸ್‌ನಲ್ಲಿ

ಪ್ರಶ್ನೆ: ನಮ್ಮದು 2011ರ ಸ್ವಿಫ್ಟ್ ಡೀಸೆಲ್, ಎಬಿಎಸ್ ಇಲ್ಲದ ಮಾಡೆಲ್. 2 ಲಕ್ಷ 14 ಸಾವಿರ ಕಿಲೋಮೀಟರ್ ಓಡಿದೆ. ಎರಡು ತಿಂಗಳಿಂದ ಮುಂದಿನ ಚಕ್ರದ ಕಡೆಯಿಂದ ಗುಂಯ್ ಅಂತ ಸದ್ದು. 40 ದಾಟಿದರೆ ಶುರುವಾಗುತ್ತದೆ, 70ಕ್ಕೆ ಹೋದರೆ ಪಕ್ಕದಲ್ಲಿ ಕೂತವರ ಮಾತೂ ಸರಿಯಾಗಿ ಕೇಳುವುದಿಲ್ಲ. ಒಬ್ಬರು ಟೈರು ಅಂದರು, ಇನ್ನೊಬ್ಬರು ಬೇರಿಂಗ್ ಅಂದರು. ಬೇರಿಂಗೇ ಆದರೆ ಮನೆಯಲ್ಲಿ ನಾನೇ ಬದಲಿಸಬೇಕು ಅಂತ ಆಸೆ. ತೋಟದ ಪಂಪ್‌ಸೆಟ್, ಔಷಧಿ ಹೊಡೆಯುವ ಮೋಟಾರ್ ಎಲ್ಲ ನಾನೇ ಬಿಚ್ಚಿ ಜೋಡಿಸುತ್ತೇನೆ. ಪಾನಾ ಸೆಟ್, ಜಾಕ್, ಗ್ರೈಂಡರ್ ಇವೆ. ಆಗುವ ಕೆಲಸವೇ?
ಓದುಗರು, ತೀರ್ಥಹಳ್ಳಿ ತಾಲೂಕು

ಉತ್ತರ: ಮುಕ್ಕಾಲು ಭಾಗ ಆಗುತ್ತದೆ. ಉಳಿದ ಕಾಲು ಭಾಗ ಮನೆಯಲ್ಲಿ ಮಾಡಬೇಡಿ. ಆ ಕಾಲು ಭಾಗ ಯಾವುದು ಅಂತ ಮುಂದೆ ಹೇಳುತ್ತೇನೆ. ಮೊದಲು ಅದು ಬೇರಿಂಗೇ ಹೌದಾ ಅಂತ ನೋಡೋಣ. ಟೈರಿನ ಸದ್ದಿಗೆ ಬೇರಿಂಗ್ ಬದಲಿಸಿ ಕೈ ಸುಟ್ಟುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಶಿವಮೊಗ್ಗ ರಸ್ತೆಯಲ್ಲಿ ಒಂದು ಸಲ ಹೋಗಿ ಬನ್ನಿ. ಹೊಸ ಡಾಂಬರು ಸಿಕ್ಕಲ್ಲಿ ಸದ್ದು ಇಳಿದು, ಹಳೇ ಒರಟು ರಸ್ತೆಯಲ್ಲಿ ಏರಿದರೆ ಟೈರಿನ ಮೇಲೆ ಅನುಮಾನ ಪಡಿ. ರಸ್ತೆ ಹೇಗಿದ್ದರೂ ಸದ್ದು ಒಂದೇ ಥರ ಇದ್ದು, ಸ್ಪೀಡಿನ ಜೊತೆ ಮಾತ್ರ ಏರುತ್ತಿದ್ದರೆ ಬೇರಿಂಗ್. ಮಂಡಗದ್ದೆ ಕಡೆ ಉದ್ದನೆಯ ತಿರುವುಗಳು ಸಿಗುತ್ತವೆ, ಅಲ್ಲಿ ಕಿವಿಗೊಟ್ಟು ಕೇಳಿ. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಗಡೆಗೆ ವಾಲುತ್ತದೆ. ಆಗ ಸದ್ದು ಜಾಸ್ತಿಯಾದರೆ ಸಾಮಾನ್ಯವಾಗಿ ಬಲಗಡೆ ಬೇರಿಂಗ್ ಹೋಗಿದೆ ಅಂತ ಲೆಕ್ಕ. ಬಲಕ್ಕೆ ತಿರುಗುವಾಗ ಜಾಸ್ತಿಯಾದರೆ ಎಡಗಡೆಯದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋಗುವಾಗ ಕಟ ಕಟ ಅಂದರೆ ಅದು ಡ್ರೈವ್ ಶಾಫ್ಟಿನ ಜಾಯಿಂಟ್. ಅದು ಬೇರೆ ಕಥೆ.

ಇನ್ನೂ ಅನುಮಾನ ಇದ್ದರೆ ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಒಂದು ದಿನ ಓಡಿಸಿ. ಸದ್ದು ಹಿಂದಕ್ಕೆ ಹೋಯಿತಾ? ಹಾಗಾದರೆ ಟೈರು. ಖರ್ಚಿಲ್ಲದ ಪರೀಕ್ಷೆ ಇದು, ಆದರೂ ಯಾಕೋ ಯಾರೂ ಮಾಡುವುದಿಲ್ಲ.

ಆಮೇಲೆ ಜಾಕ್ ಕೊಟ್ಟು ಚಕ್ರ ಎತ್ತಿ. ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಒಳಗೂ ಹೊರಗೂ ಅಲ್ಲಾಡಿಸಿ. ಪ್ಲೇ, ಅಂದರೆ ಸಡಿಲಾಟ, ಸಿಕ್ಕಿದರೆ ಮನೆಯವರೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್ ನೋಡಿಸಿ. ಎಡ-ಬಲಕ್ಕೆ ಮಾತ್ರ ಅಲ್ಲಾಡಿದರೆ ಸ್ಟೀರಿಂಗ್ ಸರಳಿನ ತುದಿ, ಅಂದರೆ ಟೈ ರಾಡ್ ಎಂಡ್, ಸವೆದಿರಬಹುದು. ಪ್ಲೇ ಇಲ್ಲದೆಯೂ ಬೇರಿಂಗ್ ಹಾಳಾಗಿರಬಹುದು. ಒಂದು ಕೈ ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಒಳಗೆ ಮರಳು ಸೇರಿದ ಹಾಗೆ ಗರ ಗರ ಅಂತ ಸ್ಪ್ರಿಂಗ್ ಮೇಲಿಟ್ಟ ಕೈಗೆ ತಿಳಿಯುತ್ತದೆ. ಎರಡೂ ಕಡೆ ಹೀಗೆ ನೋಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಬೇರಿಂಗೇ ಅಂತ ಖಾತ್ರಿಯಾಯಿತು ಅಂದುಕೊಳ್ಳಿ. ಕೆಲಸ ಎಲ್ಲಿ ಮಾಡುತ್ತೀರಿ ಅನ್ನುವುದು ಮುಂದಿನ ಪ್ರಶ್ನೆ. ನಮ್ಮ ಕಡೆ ಅಂಗಳಗಳು ಇಳಿಜಾರು, ಮಳೆಗಾಲದಲ್ಲಿ ಮಣ್ಣು ಮೆತ್ತಗೆ. ಬರಿ ನೆಲದ ಮೇಲೆ ಜಾಕ್ ಇಟ್ಟರೆ ಕಾರು ಏರುವುದಿಲ್ಲ, ಜಾಕ್ ಇಳಿಯುತ್ತದೆ. ಸಿಮೆಂಟಿನ ಅಡಿಕೆ ಕಣ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಅಗಲವಾದ ದಪ್ಪ ಹಲಗೆ ಹಾಕಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಜಂಬಿಟ್ಟಿಗೆ ಕಲ್ಲು ಪೇರಿಸಿ ಅದರ ಮೇಲೆ ಕಾರು ನಿಲ್ಲಿಸಬೇಡಿ ಮಾರಾಯ್ರೆ. ಗೋಡೆಗೆ ಅದು ಗಟ್ಟಿ, ನಿಜ. ಆದರೆ ಕಬ್ಬಿಣದ ಅಂಚು ಒಂದೇ ಕಡೆ ಒತ್ತಿದರೆ ಪಟ್ ಅಂತ ಸೀಳುತ್ತದೆ. ಜಾಕ್ ಸ್ಟ್ಯಾಂಡ್ ಒಂದು ಜೊತೆ ತಗೊಳ್ಳಿ. ಬಿಚ್ಚಿದ ಚಕ್ರವನ್ನೂ ಕಾರಿನ ಅಡಿಗೆ ಮಲಗಿಸಿಡಿ.

ಮೊದಲ ಕುಸ್ತಿ ಆಕ್ಸಲ್ ನಟ್ ಜೊತೆ, ಅಂದರೆ ಚಕ್ರದ ನಡುವಿನ ದೊಡ್ಡ ನಟ್ ಜೊತೆ. ಇದನ್ನು ಚಕ್ರ ನೆಲದ ಮೇಲಿರುವಾಗಲೇ, ಹ್ಯಾಂಡ್ ಬ್ರೇಕ್ ಎಳೆದು ಗೇರಿನಲ್ಲಿಟ್ಟು ಸಡಿಲ ಮಾಡಬೇಕು. ನಟ್ಟಿನ ಅಂಚನ್ನು ಶಾಫ್ಟಿನ ಕೊರಕಲಿಗೆ ಬಡಿದು ಕೂರಿಸಿರುತ್ತಾರೆ. ಅದನ್ನು ಸಣ್ಣ ಉಳಿಯಲ್ಲಿ ಮೇಲೆತ್ತಿ, ಆಮೇಲೆ ಸಾಕೆಟ್ಟಿಗೆ ಉದ್ದನೆಯ ಪೈಪು ಸೇರಿಸಿ ಒತ್ತಿ. ಸಡಿಲ ಮಾಡಿದ ಮೇಲೆ ಕಾರನ್ನು ಒಂದಡಿಯೂ ಉರುಳಿಸಬೇಡಿ.

ಈಗ ಚಕ್ರ ತೆಗೆಯಿರಿ. ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ, ಹೋಸ್ ಮೇಲೆ ನೇತಾಡಲು ಬಿಡಬೇಡಿ. ಡಿಸ್ಕ್ ತೆಗೆಯಿರಿ. ಟೈ ರಾಡ್ ಎಂಡ್‌ನ ನಟ್ ತೆಗೆದು, ಅದು ಕೂತ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಲ್ಲಿ ಎರಡು ಏಟು ಹಾಕಿದರೆ ಬಿಟ್ಟುಕೊಳ್ಳುತ್ತದೆ. ಸ್ಟ್ರಟ್ಟಿನ, ಅಂದರೆ ಸ್ಪ್ರಿಂಗ್ ಹೊತ್ತ ಕಂಬದ, ಎರಡು ಬೋಲ್ಟ್ ಬಿಚ್ಚುವ ಮೊದಲು ಅವು ಕೂತಿದ್ದ ಜಾಗವನ್ನು ಪೇಂಟಿನಲ್ಲಿ ಗುರುತು ಮಾಡಿಕೊಳ್ಳಿ. ಚಕ್ರದ ವಾಲು ಅಲ್ಲೇ ನಿರ್ಧಾರವಾಗುವುದು. ಕೆಳಗಿನ ಬಾಲ್ ಜಾಯಿಂಟಿನ ಬೋಲ್ಟ್ ತೆಗೆದರೆ ನಕಲ್, ಅಂದರೆ ಬೇರಿಂಗ್ ಕೂತಿರುವ ಕಬ್ಬಿಣದ ಗಟ್ಟಿ, ಪೂರ್ತಿ ಕೈಗೆ ಬರುತ್ತದೆ. ಡ್ರೈವ್ ಶಾಫ್ಟನ್ನು ಹೊರಕ್ಕೆ ಜಗ್ಗಬೇಡಿ, ಒಳಗಿನ ಜಾಯಿಂಟ್ ಕಳಚಿಕೊಂಡರೆ ಸಂಜೆಯ ಕಾಫಿಗೂ ಏಳುವ ಹಾಗಿಲ್ಲ. ನಕಲ್ಲನ್ನು ಅದರಿಂದ ಈಚೆ ಸರಿಸಿ, ಶಾಫ್ಟನ್ನು ಹಗ್ಗದಲ್ಲಿ ಮೇಲಕ್ಕೆ ಕಟ್ಟಿ.

ಇಲ್ಲಿಗೆ ನಿಮ್ಮ ಮುಕ್ಕಾಲು ಭಾಗದಲ್ಲಿ ಅರ್ಧ ಮುಗಿಯಿತು. ಹಳೇ ಬೇರಿಂಗ್ ತೆಗೆದು ಹೊಸದನ್ನು ಒತ್ತಿ ಕೂರಿಸುವುದೇ ಮನೆಯಲ್ಲಿ ಮಾಡಬಾರದ ಆ ಕಾಲು ಭಾಗ. ನಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ, ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ. ತೀರ್ಥಹಳ್ಳಿಯಲ್ಲೇ ವಿಚಾರಿಸಿ. ಶಿವಮೊಗ್ಗದಲ್ಲಾದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಇದ್ದೇ ಇದೆ.

ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಆಗಲ್ವಾ ಅಂತ ಕೇಳುತ್ತೀರಿ, ಗೊತ್ತು. ಕೂರುತ್ತದೆ. ನಾನೂ ಇಪ್ಪತ್ತೆರಡನೇ ವಯಸ್ಸಿನಲ್ಲಿ ಹಾಗೇ ಮಾಡಿ, ಮೀಸೆ ತಿರುವಿಕೊಂಡು ಕಾರು ಹೊರಗೆ ತೆಗೆದಿದ್ದೆ. ಒಂದು ತಿಂಗಳೂ ಆಗಲಿಲ್ಲ, ಹಳೇ ಸದ್ದು ಹೊಸ ಬೇರಿಂಗಿನಲ್ಲೇ ವಾಪಸ್ ಬಂತು. ಬಿಚ್ಚಿ ನೋಡಿದರೆ ಗುಂಡುಗಳು ಓಡಾಡುವ ನುಣುಪಾದ ದಾರಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಕುಳಿ. ಪ್ರತಿ ಏಟಿಗೂ ಗುಂಡು ಆ ದಾರಿಗೆ ಗುದ್ದಿ ಗುರುತು ಬಿಟ್ಟಿತ್ತು. ಆ ಕುಳಿ ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ ಸಾಕು, ಚಕ್ರ ತಿರುಗಿದಷ್ಟೂ ದೊಡ್ಡದಾಗುತ್ತಾ ಹೋಗುತ್ತದೆ.

ಪ್ರೆಸ್ ಇದ್ದಮಾತ್ರಕ್ಕೆ ಸಾಲದು, ಎಲ್ಲಿ ಒತ್ತುತ್ತಾರೆ ಅನ್ನುವುದು ಮುಖ್ಯ. ಪಕ್ಕದಲ್ಲೇ ನಿಂತು ನೋಡಿ. ಬೇರಿಂಗನ್ನು ನಕಲ್ ಒಳಗೆ ತಳ್ಳುವಾಗ ಹೊರಗಿನ ಬಳೆಯ ಮೇಲೆ ಮಾತ್ರ ಒತ್ತಬೇಕು. ಒಳಗಿನ ಬಳೆ ಒತ್ತಿದರೆ ಭಾರವೆಲ್ಲ ಗುಂಡಿನ ಮೂಲಕ ಹೋಗುತ್ತದೆ, ಸುತ್ತಿಗೆ ಏಟಿಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಆಮೇಲೆ ಹಬ್, ಅಂದರೆ ಚಕ್ರ ಕೂರುವ ನಡುಭಾಗ, ತಳ್ಳುವಾಗ ಇದರ ಉಲ್ಟಾ. ಆಗ ಅಡಿಯಿಂದ ಒಳಗಿನ ಬಳೆಗೆ ಆಸರೆ ಇರಬೇಕು. ಪ್ರೆಸ್ಸಿನವರಿಗೆ ಇದು ಗೊತ್ತಿರುತ್ತದೆ. ಆದರೆ ಸಂಜೆ ಆರೂವರೆಗೆ ಹೋದರೆ ಗೊತ್ತಿದ್ದೂ ಮರೆಯುತ್ತಾರೆ. ಬೆಳಿಗ್ಗೆ ಹೋಗಿ.

ಹಳೇ ಹಬ್ ಹೊರಗೆ ಬರುವಾಗ ಬೇರಿಂಗಿನ ಒಳಬಳೆಯ ಒಂದು ತುಂಡು ಅದಕ್ಕೇ ಕಚ್ಚಿಕೊಂಡು ಬರುತ್ತದೆ. ಗಾಬರಿ ಬೇಡ, ಯಾವಾಗಲೂ ಹಾಗೇ. ಪುಲ್ಲರ್ ಹಾಕಿ ತೆಗೆಯುತ್ತಾರೆ, ಬರದಿದ್ದರೆ ಗ್ರೈಂಡರಿನಲ್ಲಿ ಮುಕ್ಕಾಲು ಆಳಕ್ಕೆ ಕೊಯ್ದು ಉಳಿಯಲ್ಲಿ ಒಂದು ಏಟು. ಹಬ್ಬಿಗೆ ಗ್ರೈಂಡರ್ ತಗುಲಬಾರದು. ಬಳೆ ಕೂತಿದ್ದ ಜಾಗ ನೀಲಿಗಟ್ಟಿದ್ದರೆ, ಇಲ್ಲವೇ ಗೀರು ಬಿದ್ದು ಸವೆದಿದ್ದರೆ ಹಬ್ಬೂ ಹೊಸದು ಹಾಕಿ. ಎರಡು ಲಕ್ಷ ದಾಟಿದ ಕಾರಿನಲ್ಲಿ ಇದಕ್ಕೆ ತಯಾರಾಗಿಯೇ ಹೋಗಿ.

ಹೊಸ ಬೇರಿಂಗ್ ಕೊಳ್ಳುವಾಗ ಕಾರಿನ ಹೆಸರು ಹೇಳುವುದಕ್ಕಿಂತ ಹಳೆಯದರ ಮೇಲಿನ ನಂಬರ್ ತೋರಿಸಿ. ಡಿಎಸಿ 34640037 ಅಂತ ಇದ್ದರೆ ಒಳ ಅಳತೆ 34 ಮಿಲಿಮೀಟರ್, ಹೊರ ಅಳತೆ 64, ಅಗಲ 37. ಇದು ಓದುವ ಕ್ರಮಕ್ಕೆ ಉದಾಹರಣೆ ಅಷ್ಟೇ, ನಿಮ್ಮ ಕಾರಿನದು ಅಂತಲ್ಲ. ಎಸ್‌ಕೆಎಫ್, ಎನ್‌ಬಿಸಿ, ಎಫ್‌ಎಜಿ ಯಾವುದಾದರೂ ಸರಿ, ಬಿಲ್ ಕೊಡುವ ಅಂಗಡಿಯಲ್ಲಿ ತಗೊಳ್ಳಿ. ಪೆಟ್ಟಿಗೆ ಒಂದೇ ಥರ ಕಾಣುವ ನಕಲಿ ಮಾಲು ತುಂಬಾ ಇದೆ. ಒತ್ತುವ ದಿನ ಬೆಳಿಗ್ಗೆ ತನಕ ಬೇರಿಂಗನ್ನು ಫ್ರೀಜರಿನಲ್ಲಿಡುವವರಿದ್ದಾರೆ. ಅದು ಸುಳ್ಳು ಉಪಾಯವಲ್ಲ. 64 ಮಿಲಿಮೀಟರಿನ ಉಕ್ಕಿನ ಬಳೆ 40 ಡಿಗ್ರಿ ತಣ್ಣಗಾದರೆ ಸುಮಾರು 0.03 ಮಿಲಿಮೀಟರ್ ಕುಗ್ಗುತ್ತದೆ, ಆ ಕೂದಲೆಳೆಯಷ್ಟು ಜಾಗ ಪ್ರೆಸ್ಸಿಗೆ ದೊಡ್ಡ ಸಹಾಯ. ಆದರೆ ಮಲೆನಾಡಿನ ಮಳೆಗಾಲದ ಗಾಳಿಗೆ ತೆಗೆದ ಕೂಡಲೇ ಅದರ ಮೇಲೆ ನೀರು ಕೂರುತ್ತದೆ. ಹಾಗಾಗಿ ಆಷಾಢದಲ್ಲಿ ಬೇಡ. ಅಂಗಡಿಗೆ ಒಯ್ಯುವಷ್ಟರಲ್ಲಿ ತಣ್ಣಗೂ ಉಳಿದಿರುವುದಿಲ್ಲ.

ಜೋಡಿಸುವಾಗ ಸರ್ಕ್ಲಿಪ್, ಅಂದರೆ ಬೇರಿಂಗ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ, ಅದರ ಕೊರಕಲಿನಲ್ಲಿ ಪೂರ್ತಿ ಕೂತಿದೆಯಾ ನೋಡಿ. ಆಕ್ಸಲ್ ನಟ್ ಹೊಸದೇ ಹಾಕಿ. ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲಿ, ಕಾರು ನೆಲಕ್ಕೆ ಇಳಿಯುವ ಮೊದಲೇ ನಟ್ ಪೂರ್ತಿ ಬಿಗಿಯಾಗಬೇಕು. ಈ ಥರದ ಬೇರಿಂಗಿನ ಒಳಬಳೆ ಎರಡು ತುಂಡು, ಅವನ್ನು ಒಟ್ಟಿಗೆ ಹಿಡಿದಿಡುವುದೇ ಈ ನಟ್. ನಟ್ ಸಡಿಲ ಇರುವಾಗ ಭಾರ ಬಿದ್ದರೆ ಹೊಸ ಬೇರಿಂಗ್ ಅಲ್ಲೇ ಕೆಡಬಹುದು. ಎಷ್ಟು ಬಿಗಿ ಅನ್ನುವುದಕ್ಕೆ ನಿಮ್ಮ ಕಾರಿನ ಸರ್ವಿಸ್ ಪುಸ್ತಕದ ಅಂಕಿ ಬೇಕು, ಅಂದಾಜು ಬೇಡ. ಅಂಕಿ ಸಿಕ್ಕ ಮೇಲೆ ಟಾರ್ಕ್ ರೆಂಚ್, ಅಂದರೆ ಬಿಗಿ ಅಳೆಯುವ ಪಾನಾ, ಬಾಡಿಗೆಗೋ ಎರವಲಿಗೋ ತನ್ನಿ. ಇಷ್ಟು ಬಿಗಿ ಅಂದರೆ ಎಷ್ಟು ಅಂತ ತಿಳಿಯಲು ಒಂದು ಲೆಕ್ಕ: 65 ಕೆಜಿಯ ಮನುಷ್ಯ ನಟ್ಟಿನಿಂದ 30 ಸೆಂಟಿಮೀಟರ್ ದೂರದಲ್ಲಿ ಪಾನಾ ಮೇಲೆ ನಿಂತರೆ ಸುಮಾರು 190 ನ್ಯೂಟನ್ ಮೀಟರ್. ಬಿಗಿ ಮಾಡಿ ಆದಮೇಲೆ ನಟ್ಟಿನ ಅಂಚನ್ನು ಮತ್ತೆ ಶಾಫ್ಟಿನ ಕೊರಕಲಿಗೆ ಬಡಿದು ಕೂರಿಸಿ. ಗಾಳಿಯ ಗನ್ ಇದಕ್ಕೆ ಬಳಸಬೇಡಿ.

ಹೊರಡುವ ಮೊದಲು ಬ್ರೇಕ್ ಪೆಡಲ್ ನಾಲ್ಕೈದು ಸಲ ಒತ್ತಿ ಗಟ್ಟಿಯಾಗಿದೆಯಾ ನೋಡಿ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು ಎರಡೂ ಹಬ್ಬಿನ ಬಿಸಿ ಹೋಲಿಸಿ. ಚಕ್ರದ ನಟ್ಟುಗಳನ್ನು ಮಾರನೇ ದಿನ ಮತ್ತೊಮ್ಮೆ ಬಿಗಿ ನೋಡಿ. ಸ್ಟ್ರಟ್ ಬಿಚ್ಚಿದ್ದರಿಂದ ಅಲೈನ್‌ಮೆಂಟ್ ಮಾಡಿಸಲೇಬೇಕು, ಗುರುತು ಸರಿಯಾಗಿ ಕೂರಿಸಿದ್ದರೂ.

ಪ್ರಶ್ನೆ: ಹೋದ ವರ್ಷ ಹಿಂದಿನ ಚಕ್ರದ ಬೇರಿಂಗ್ ಹೊಸದು ಹಾಕಿಸಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಸದ್ದು. ನಮ್ಮ ಮನೆಗೆ ಬರಬೇಕಾದರೆ ಹಳ್ಳ ದಾಟಬೇಕು. ಅದೇ ಕಾರಣವೇ?
ಓದುಗರು, ಹೊಸನಗರ ತಾಲೂಕು

ಉತ್ತರ: ದೊಡ್ಡ ಕಾರಣ ಅದೇ ಇರಬಹುದು. ಓಡಿ ಬಂದ ಹಬ್ ಬಿಸಿ ಇರುತ್ತದೆ, ಒಳಗಿನ ಗಾಳಿಯೂ ಬಿಸಿ. ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಆ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ಕೆಸರು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಗ್ರೀಸು ಹಾಲಿನ ಬಣ್ಣಕ್ಕೆ ತಿರುಗಿ ಕೆಡುತ್ತದೆ, ಆಮೇಲೆ ತುಕ್ಕು. ನೀರು ಹಬ್ಬಿನ ಮಟ್ಟಕ್ಕೆ ಬರುತ್ತದೆ ಅನ್ನಿಸಿದರೆ ಈಚೆ ದಡದಲ್ಲಿ ಹತ್ತು ನಿಮಿಷ ನಿಲ್ಲಿಸಿ ಆಮೇಲೆ ಇಳಿಸಿ. ಇನ್ನೂ ಮೇಲೆ ಬಂದಿದ್ದರೆ ಇಳಿಸಲೇಬೇಡಿ, ಅಲ್ಲಿ ಬೇರಿಂಗಿನ ಚಿಂತೆ ಅಲ್ಲ, ನಿಮ್ಮದು. ಕಾರು ತೊಳೆಯುವಾಗ ಜೋರು ನೀರಿನ ಪೈಪನ್ನು ಹಬ್ಬಿನ ನಡುವಿಗೆ ಹಿಡಿಯುವುದೂ ಇದೇ ತೊಂದರೆ ಮಾಡುತ್ತದೆ.

ಇನ್ನೊಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಿಂದಿನ ಸೀಟು ಮಡಚಿ ಅಡಿಕೆ ಮೂಟೆ ಹಾಕುತ್ತೀರಾ? ಗುಂಡಿನ ಬೇರಿಂಗಿಗೆ ಒಂದು ಲೆಕ್ಕ ಇದೆ. ಅದರ ಮೇಲಿನ ಭಾರ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಾಲು ಭಾಗ ಜಾಸ್ತಿಯಾದರೂ ಸುಮಾರು ಅರ್ಧ. ಮಂಡಿಗೆ ಹೋಗುವ ಮೂಟೆಗೆ ಪಿಕಪ್ಪೇ ಅಗ್ಗ ಬೀಳುತ್ತದೆ.

ಪ್ರಶ್ನೆ: ಬೇರಿಂಗ್ ಬದಲಿಸಿದ ಮೇಲೆ ಸದ್ದು ಹೋಯಿತು, ಆದರೆ ಎಬಿಎಸ್ ಲೈಟ್ ಹತ್ತಿಕೊಂಡಿದೆ. ಸೆನ್ಸರ್ ಹೊಸದು ಹಾಕಬೇಕು ಅನ್ನುತ್ತಿದ್ದಾರೆ.
ಓದುಗರು, ಸಾಗರ

ಉತ್ತರ: ಸದ್ಯ ಸೆನ್ಸರಿಗೆ ದುಡ್ಡು ಹಾಕಬೇಡಿ. ಎಬಿಎಸ್ ಇರುವ ಎಷ್ಟೋ ಕಾರುಗಳ ಬೇರಿಂಗಿನಲ್ಲಿ ಒಂದು ಕಡೆಯ ಸೀಲಿನಲ್ಲೇ ಅಯಸ್ಕಾಂತದ ಉಂಗುರ ಇರುತ್ತದೆ. ಅದು ಸೆನ್ಸರ್ ಕಡೆಗೆ ಮುಖ ಮಾಡಿರಬೇಕು. ನೋಡಲು ಎರಡೂ ಮುಖ ಹೆಚ್ಚುಕಡಿಮೆ ಒಂದೇ ಥರ, ಹಾಗಾಗಿ ಉಲ್ಟಾ ಕೂರಿಸುವುದು ಸುಲಭ. ಎಬಿಎಸ್ ಇಲ್ಲದ ಮಾಡೆಲಿನ ಬೇರಿಂಗ್ ಹಾಕಿದ್ದರೂ ಇದೇ ಗತಿ. ಮೊದಲು ಸೆನ್ಸರ್ ತುದಿಗೆ ಕಬ್ಬಿಣದ ಪುಡಿ ಅಂಟಿದೆಯಾ, ವೈರು ಎಳೆದುಕೊಂಡಿದೆಯಾ ನೋಡಿಸಿ. ಅದು ಸರಿ ಇದ್ದರೆ ಬೇರಿಂಗ್ ಉಲ್ಟಾ ಕೂತಿರಬಹುದು, ಇಲ್ಲವೇ ಎಬಿಎಸ್ ಇಲ್ಲದ್ದು ಹಾಕಿರಬಹುದು. ತೆಗೆದು ತಿರುಗಿಸಿ ಹಾಕಲು ಬರುವುದಿಲ್ಲ, ತೆಗೆಯುವಾಗಲೇ ಅದು ಹಾಳಾಗುತ್ತದೆ. ಇನ್ನೊಂದು ಹೊಸದೇ ಬೇಕು, ಅದರ ದುಡ್ಡು ಉಲ್ಟಾ ಕೂರಿಸಿದವರದ್ದು. ಮುಂದಿನ ಸಲ ಕೂರಿಸುವ ಮೊದಲು ಒಂದು ಗುಂಡುಸೂಜಿ ಹಿಡಿದು ನೋಡಿ, ಯಾವ ಮುಖಕ್ಕೆ ಎಳೆಯುತ್ತದೋ ಅದೇ ಒಳಮುಖ. ಬೇರೆ ಅಯಸ್ಕಾಂತ ಮಾತ್ರ ಅದರ ಹತ್ತಿರ ತರಬೇಡಿ.

ಪ್ರಶ್ನೆ: ಸದ್ದು ಮಾಡುವ ಬೇರಿಂಗಿನಲ್ಲಿ ಎಷ್ಟು ದಿನ ಓಡಿಸಬಹುದು? ಮುಂದಿನ ವಾರ ಉಡುಪಿಗೆ ಹೋಗುವುದಿದೆ. ಮತ್ತೆ, ಎರಡೂ ಕಡೆ ಒಟ್ಟಿಗೆ ಬದಲಿಸಬೇಕೇ?
ಓದುಗರು, ಶಿವಮೊಗ್ಗ

ಉತ್ತರ: ಬರಿ ಸದ್ದು ಇದ್ದು ಪ್ಲೇ ಇಲ್ಲದಿದ್ದರೆ ಊರೊಳಗೆ ನಿಧಾನವಾಗಿ ಗ್ಯಾರೇಜಿನ ತನಕ ಓಡಿಸಬಹುದು. ಕೈಗೆ ಪ್ಲೇ ಸಿಕ್ಕಿದರೆ ಆಗುಂಬೆ ಘಾಟಿ ಇಳಿಸಬೇಡಿ. ಹಬ್ ಅಲ್ಲಾಡಿದಾಗ ಅದರ ಜೊತೆ ಡಿಸ್ಕೂ ಅಲ್ಲಾಡಿ ಬ್ರೇಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ಮುಂದಿನ ಸಲ ಬ್ರೇಕ್ ಒತ್ತಿದರೆ ಪೆಡಲ್ ಅರ್ಧಕ್ಕೆ ಇಳಿದ ಮೇಲೆ ಹಿಡಿಯುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವಿನಲ್ಲಿ ಯಾವುದರಲ್ಲಿ ಹೀಗಾದರೂ ಕಷ್ಟವೇ. ಉಡುಪಿಗೆ ಬಸ್ಸಿದೆ.

ಎರಡೂ ಕಡೆ ಬೇಕಿಲ್ಲ. ಬ್ರೇಕ್ ಪ್ಯಾಡಿನ ಹಾಗೆ ಜೋಡಿ ಬದಲಿಸುವ ವಸ್ತು ಇದಲ್ಲ, ಹಾಳಾದದ್ದು ಮಾತ್ರ ಸಾಕು. ಇನ್ನೊಂದು ಕಡೆ ಸ್ಪ್ರಿಂಗ್ ಮೇಲೆ ಕೈಯಿಟ್ಟು ತಿರುಗಿಸಿ ನೋಡಿ, ನುಣ್ಣಗೆ ತಿರುಗಿದರೆ ಅದರ ತಂಟೆಗೆ ಹೋಗಬೇಡಿ.