ಗಾಲ್ಫ್ ಕಲಿಕೆ: ಡ್ರೈವರ್ ಆಮೇಲೆ ನೋಡೋಣ, ಮೊದಲು ಪಟರ್ ಹಿಡಿಯಿರಿ

ಪ್ರಶ್ನೆ: ಚಿಕ್ಕಮಗಳೂರಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ವಯಸ್ಸು 31. ಗೆಳೆಯನ ಜೊತೆ ನಾಲ್ಕು ಸಲ ಗಾಲ್ಫ್ ಆಡಿದೆ, ಈಗ ಹುಚ್ಚೇ ಹಿಡಿದಿದೆ. ಆದರೆ ಚೆಂಡು ಯಾವಾಗಲೂ ಬಲಕ್ಕೆ ತಿರುಗಿ ಮರಗಳ ನಡುವೆ ಹೋಗಿಬಿಡುತ್ತದೆ. 18 ಹೋಲ್ ಮುಗಿಸುವಷ್ಟರಲ್ಲಿ 130 ಸ್ಟ್ರೋಕ್ (ಏಟು) ದಾಟುತ್ತದೆ. ಒಳ್ಳೆಯ ಡ್ರೈವರ್ (ತುಂಬಾ ದೂರ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು) ತಗೊಂಡರೆ ಎಲ್ಲಾ ಸರಿಹೋಗುತ್ತದೆ ಎನ್ನುತ್ತಾನೆ ಗೆಳೆಯ. ಅದಕ್ಕೆ 35,000 ರೂಪಾಯಿ. ತಿಂಗಳಿಗೆ 2,000ಕ್ಕಿಂತ ಜಾಸ್ತಿ ಖರ್ಚು ಮಾಡುವ ಶಕ್ತಿ ನನಗಿಲ್ಲ. ಸಾಲ ಮಾಡಿ ತಗೊಳ್ಳಲಾ?

ಉತ್ತರ: ಬೇಡ. ದಯವಿಟ್ಟು ಸಾಲ ಮಾಡಬೇಡಿ. ಆ ಡ್ರೈವರ್ ನಿಮ್ಮ ತೊಂದರೆಯನ್ನು ಇನ್ನೂ ಹೆಚ್ಚು ಮಾಡುವ ಸಾಧ್ಯತೆಯೇ ಜಾಸ್ತಿ.

ಯಾಕೆ ಅಂತ ಹೇಳುತ್ತೇನೆ. ನೀವು ಬಲಗೈ ಆಟಗಾರ ಅಂದುಕೊಂಡಿದ್ದೇನೆ. ಕ್ಲಬ್ಬಿನ ಮುಖ ಅದು ಬೀಸಿಬರುವ ದಾರಿಗಿಂತ ಬಲಕ್ಕೆ ತೆರೆದುಕೊಂಡಿದ್ದರೆ ಚೆಂಡು ಬಲಕ್ಕೆ ತಿರುಗುತ್ತದೆ. ಇದಕ್ಕೇ ಸ್ಲೈಸ್ ಅನ್ನೋದು. ಡ್ರೈವರ್ ಎಲ್ಲಕ್ಕಿಂತ ಉದ್ದದ ಕ್ಲಬ್, ಅದರ ಮುಖದ ಓರೆ ತೀರಾ ಕಡಿಮೆ. ಹಾಗಾಗಿ ವೆಜ್‌ನಲ್ಲಿ (ಓರೆ ಜಾಸ್ತಿ ಇರುವ ಗಿಡ್ಡ ಕ್ಲಬ್) ಕಣ್ಣಿಗೇ ಬೀಳದ ತಪ್ಪು ಡ್ರೈವರ್‌ನಲ್ಲಿ ಚೆಂಡನ್ನು ಪಕ್ಕದ ಫೇರ್‌ವೇಗೆ (ಬೇರೆಯವರು ಆಡುವ ಹುಲ್ಲಿನ ಹಾದಿಗೆ) ಕಳಿಸುತ್ತದೆ. ತಪ್ಪು ಇರೋದು ಕೈಯಲ್ಲಿ. 35,000 ಕೊಟ್ಟರೂ ಅದೇ ಕೈ ತಾನೇ?

ಮೊದಲು ಗ್ರಿಪ್ ನೋಡಿಕೊಳ್ಳಿ. ಚೆಂಡಿನ ಮುಂದೆ ನಿಂತು ತಲೆ ಬಗ್ಗಿಸಿದಾಗ ಎಡಗೈಯ ಎರಡು ಬೆರಳ ಗೆಣ್ಣುಗಳಾದರೂ ಕಾಣಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಗೆರೆ ಬಲ ಭುಜದ ಕಡೆ ತೋರಿಸಬೇಕು. ಹೊಸಬರಲ್ಲಿ ಬಹಳಷ್ಟು ಜನ ಕ್ಲಬ್ಬನ್ನು ಅಂಗೈಯಲ್ಲಿ ಕೊಡಲಿ ಹಿಡಿದ ಹಾಗೆ ಹಿಡಿಯುತ್ತಾರೆ. ಅದು ಬೆರಳುಗಳ ಬುಡದಲ್ಲಿ ಕೂರಬೇಕು, ಬಿಗಿ ಕಡಿಮೆ ಇರಬೇಕು. ಹೊಸ ಹಿಡಿತ ಒಂದು ವಾರ ವಿಚಿತ್ರ ಅನ್ನಿಸುತ್ತದೆ, ಬಿಡಬೇಡಿ. ಟಿವಿ ನೋಡುವಾಗಲೂ ಕ್ಲಬ್ ಹಿಡಿದು ಕೂತಿರಿ.

ಈಗ ನಿಮ್ಮ 130ರ ಲೆಕ್ಕಕ್ಕೆ ಬರೋಣ, ಲೆಕ್ಕ ಬರೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಪಾರ್ (ನುರಿತ ಆಟಗಾರರಿಗೆ ಬೇಕಾಗುವ ಸ್ಟ್ರೋಕ್‌ಗಳ ಲೆಕ್ಕ) 72 ಇರುವ ಕೋರ್ಸ್‌ನಲ್ಲಿ ಪ್ರತಿ ಹೋಲ್‌ಗೆ ಎರಡು ಪಟ್ ಎಂದು ಎಣಿಸಿರುತ್ತಾರೆ, ಅಂದರೆ 36. ಹೋಲ್ ಸುತ್ತಲಿನ ನುಣುಪಾದ ಹುಲ್ಲುಹಾಸೇ ಗ್ರೀನ್, ಅದರ ಮೇಲೆ ಚೆಂಡನ್ನು ಹೋಲ್ ಕಡೆ ಉರುಳಿಸುವ ಏಟೇ ಪಟ್. ಆಟದ ಅರ್ಧ ಭಾಗ ಗ್ರೀನ್ ಮೇಲೆಯೇ ಇದೆ! ಹೊಸಬರು ಹೋಲ್‌ಗೆ ಮೂರು ಪಟ್ ಹೊಡೆದರೆ 54 ಆಯಿತು. ಮೂರನ್ನು ಎರಡು ಮಾಡಿಕೊಂಡರೆ ಡ್ರೈವರ್ ಮುಟ್ಟದೆಯೇ 18 ಸ್ಟ್ರೋಕ್ ಉಳಿಯುತ್ತದೆ. ಗ್ರೀನ್ ಪಕ್ಕದಿಂದ ಒಂದೇ ಏಟಿಗೆ ಚೆಂಡನ್ನು ಗ್ರೀನ್ ಮೇಲೆ ಇಡಲು ಕಲಿತರೆ ಇನ್ನೂ ಹತ್ತು ಹನ್ನೆರಡು ಉಳಿಯಬಹುದು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದದ್ದು ನೆನಪಿದೆಯಲ್ವಾ? ಒಂದೇ ಒಂದು ಸ್ಟ್ರೋಕ್‌ನಲ್ಲಿ ಪದಕ ತಪ್ಪಿತು. ಅಲ್ಲಿ ದೂರ ಹೊಡೆಯುವುದರಲ್ಲಿ ಅವರು ಕೊನೆಯವರ ಸಾಲಿನಲ್ಲಿದ್ದರು. ಅಷ್ಟು ಮೇಲೆ ತಂದು ನಿಲ್ಲಿಸಿದ್ದು ಅವರ ಪಟರ್, ಅಂದರೆ ಪಟ್ ಹೊಡೆಯುವ ಕ್ಲಬ್. ಕೆಲಸಕ್ಕೆ ಹೋಗಿಬರುತ್ತಾ ಕಡಿಮೆ ದುಡ್ಡಿನಲ್ಲಿ ಕಲಿಯುವವರಿಗೆ ಇದಕ್ಕಿಂತ ಧೈರ್ಯ ಕೊಡುವ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೊಂದು ಒಳ್ಳೆಯ ವಿಷಯ ಎಂದರೆ ಈ ಚಿಕ್ಕ ಏಟುಗಳನ್ನೆಲ್ಲಾ ಮನೆಯಲ್ಲೇ ಕಲಿಯಬಹುದು. ಟೈಲ್ಸ್ ನೆಲದಲ್ಲಿ ಚೆಂಡು ಜಾರುತ್ತದೆ, ಒಂದು ಜಮಖಾನ ಸುಕ್ಕಿಲ್ಲದಂತೆ ಹಾಸಿ. ಚೆಂಡಿನ ಮುಂದೆ ಒಂದು ಅಡಿ ದೂರದಲ್ಲಿ ಎರಡು ನಾಣ್ಯ ಇಡಿ, ನಡುವೆ ಚೆಂಡು ತೂರುವಷ್ಟು ಮಾತ್ರ ಜಾಗ ಬಿಡಿ. ಆರು ಅಡಿ ದೂರದಲ್ಲಿ ಒಂದು ಲೋಟ ಮಲಗಿಸಿ. ನಿಜವಾದ ಹೋಲ್ 108 ಮಿಲಿಮೀಟರ್ ಅಗಲ, ಲೋಟದ ಬಾಯಿ ಅದಕ್ಕಿಂತ ಕಿರಿದು. ಮನೆಯಲ್ಲಿ ಲೋಟಕ್ಕೆ ಹಾಕುವವರಿಗೆ ಕೋರ್ಸ್‌ನಲ್ಲಿ ಹೋಲ್ ದೊಡ್ಡದಾಗಿ ಕಾಣುತ್ತದೆ. ದಿನಾ ಹದಿನೈದು ನಿಮಿಷ ಸಾಕು, ಆದರೆ ತಪ್ಪಿಸಬೇಡಿ. ಜಮಖಾನದ ಮೇಲೆ ದಿಕ್ಕು ಮಾತ್ರ ಕಲಿಯಬಹುದು. ಎಷ್ಟು ಜೋರಾಗಿ ತಳ್ಳಬೇಕು ಅನ್ನೋದು ಹುಲ್ಲಿನ ಮೇಲೇ ಬರಬೇಕು, ಅದಕ್ಕೆ ಆಟದ ದಿನ ಅರ್ಧ ಗಂಟೆ ಮೊದಲೇ ಹೋಗಿ ಅಭ್ಯಾಸದ ಗ್ರೀನ್‌ನಲ್ಲಿ ಇಪ್ಪತ್ತು ಮೂವತ್ತು ಅಡಿಯ ಉದ್ದದ ಪಟ್‌ಗಳನ್ನಷ್ಟೇ ಹೊಡೆಯಿರಿ.

ನಿಮ್ಮ ಊರಲ್ಲಿ ಚಿಪ್ (ಗ್ರೀನ್ ಪಕ್ಕದಿಂದ ಚೆಂಡನ್ನು ಸ್ವಲ್ಪ ಎತ್ತಿ ಹಾಕುವ ಚಿಕ್ಕ ಏಟು) ಅಭ್ಯಾಸಕ್ಕೆ ಜಾಗಕ್ಕೇನು ಬರ? ಪರಿಚಯದವರ ತೋಟದಲ್ಲಿ ಕಾಫಿ ಒಣಗಿಸುವ ಕಣ ಇದ್ದೇ ಇರುತ್ತದೆ, ಕೊಯ್ಲು ಮುಗಿದ ಮೇಲೆ ಅದು ತಿಂಗಳುಗಟ್ಟಲೆ ಖಾಲಿ. ಕೇಳಿ ನೋಡಿ. ನೆಲಕ್ಕೆ ಬಡಿದರೆ ಕ್ಲಬ್ಬೂ ಕೆಡುತ್ತದೆ, ಮಣಿಕಟ್ಟೂ ಉಳುಕುತ್ತದೆ, ಅದಕ್ಕೆ ತೆಂಗಿನ ನಾರಿನ ಕಾಲೊರಸು ಹಾಕಿ ಅದರ ಮೇಲಿಂದ ಹೊಡೆಯಿರಿ. ತೂತು ಇರುವ ಪ್ಲಾಸ್ಟಿಕ್ ಚೆಂಡು ಬಳಸಿ, ಕಿಟಕಿ ಒಡೆಯುವ ಭಯ ಇರುವುದಿಲ್ಲ. ಭಾರ ಎಡಗಾಲ ಮೇಲೆ, ಚೆಂಡು ಸ್ವಲ್ಪ ಬಲಗಾಲ ಕಡೆ, ಕೈ ಚೆಂಡಿಗಿಂತ ಮುಂದೆ. ಹತ್ತು ಹೆಜ್ಜೆ ದೂರದಲ್ಲಿ ಟವೆಲ್ ಹಾಸಿ ಚೆಂಡನ್ನು ಅದರ ಮೇಲೇ ಬೀಳಿಸಿ. ಚೆಂಡು ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಡಿ, ಎಲ್ಲಿ ಬೀಳುತ್ತದೆ ಅಂತ ನೋಡಿ. ಚಿಪ್ಪಿಂಗ್ ಅಂದರೆ ಮುಖ್ಯವಾಗಿ ಇದೇ.

ಜೂನ್‌ನಿಂದ ಮಳೆ ಹಿಡಿಯಿತು ಅಂದರೆ ಹೊರಗೆ ಕಷ್ಟ. ಆಗ ಒಂದು ಗೋಣಿಚೀಲಕ್ಕೆ ಹಳೆ ಬಟ್ಟೆ ಗಟ್ಟಿಯಾಗಿ ತುಂಬಿ ಬಾಯಿ ಹೊಲಿಯಿರಿ. ಅದನ್ನು ಚೆಂಡಿನ ಜಾಗದಲ್ಲಿಟ್ಟು 7 ನಂಬರ್ ಐರನ್‌ನಿಂದ (ಲೋಹದ ತಲೆಯ ಕ್ಲಬ್, ನಂಬರ್ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ) ನಿಧಾನವಾಗಿ ಹೊಡೆದು ಅಲ್ಲೇ ನಿಲ್ಲಿಸಿ ನೋಡಿ: ಕ್ಲಬ್ಬಿನ ಮುಖ ನೆಟ್ಟಗಿದೆಯೇ, ಕೈ ಮುಂದಿದೆಯೇ? ಅಂಗಡಿಯಲ್ಲಿ ಇದೇ ಚೀಲವನ್ನು ಇಂಪ್ಯಾಕ್ಟ್ ಬ್ಯಾಗ್ ಅಂತ ಮಾರುತ್ತಾರೆ. ನಿಮ್ಮ ಸ್ಲೈಸ್‌ಗೆ ಇದು ಒಳ್ಳೆಯ ಮದ್ದು.

ಇನ್ನು ಆ 2,000 ರೂಪಾಯಿ. ನಿಯಮದ ಪ್ರಕಾರ ಚೀಲದಲ್ಲಿ 14 ಕ್ಲಬ್ ಇರಬಹುದು. ಇರಲೇಬೇಕು ಅಂತ ಯಾರೂ ಹೇಳಿಲ್ಲ. ಒಂದು ಹೈಬ್ರಿಡ್ (ದೂರ ಹೊಡೆಯಲು, ಡ್ರೈವರ್‌ಗಿಂತ ಸುಲಭದ ಕ್ಲಬ್), 7 ಮತ್ತು 9 ಐರನ್, ಸ್ಯಾಂಡ್ ವೆಜ್, ಪಟರ್, ಐದೇ ಸಾಕು. ಎರಡು ಮೂರು ತಿಂಗಳ ದುಡ್ಡು ಕೂಡಿಸಿಟ್ಟು ಒಂದೊಂದೇ ಸೆಕೆಂಡ್ ಹ್ಯಾಂಡ್ ತಗೊಳ್ಳಿ. ನೀವು ಆಡುವ ಗಾಲ್ಫ್ ಸಂಘದ ಹಿರಿಯ ಸದಸ್ಯರನ್ನು ಕೇಳಿದರೆ ಅಂಗಡಿಗಿಂತ ಕಡಿಮೆಗೆ ಸಿಗುತ್ತದೆ. ಚೆಂಡು ಹಳೆಯದೇ ಇರಲಿ. ಉಳಿದದ್ದನ್ನು ಪಾಠಕ್ಕೆ ಇಡಿ. ಇದರಲ್ಲಿ ಮಾತ್ರ ಜಿಪುಣತನ ಬೇಡ, ಆದರೆ ಗೆಳೆಯನ ಜೊತೆ ಸೇರಿ ಒಂದೇ ಪಾಠ ಹಂಚಿಕೊಳ್ಳಬಹುದಾ ಅಂತ ಕೋಚ್‌ನ ಕೇಳಿ. ಎರಡು ತಿಂಗಳಿಗೊಂದು ಪಾಠ ಸಾಕು. ಹೋಗುವಾಗ ಮೊಬೈಲಿನಲ್ಲಿ ಸ್ಲೋ ಮೋಷನ್ ವೀಡಿಯೊ ತೆಗೆದುಕೊಂಡು ಹೋಗಿ, ಎದುರಿನಿಂದ ಒಂದು, ಹಿಂದಿನಿಂದ ಗುರಿಯ ಕಡೆ ನೋಡುವ ಹಾಗೆ ಇನ್ನೊಂದು. ಯಾವ ಊರಿನಲ್ಲೇ ಆಡಿ, ಕ್ಯಾಡಿಗಳ (ಆಟಗಾರರ ಚೀಲ ಹೊರುವವರು) ಮಾತಿಗೆ ಕಿವಿಗೊಡಿ. ಗ್ರೀನ್ ಯಾವ ಕಡೆ ವಾಲಿದೆ ಅಂತ ಅವರಷ್ಟು ಚೆನ್ನಾಗಿ ಬೇರೆಯವರಿಗೆ ಗೊತ್ತಿರುವುದಿಲ್ಲ. ಬಿಡದಿ ಹತ್ತಿರದ ಹಳ್ಳಿಯ ಬಡ ಕುಟುಂಬದಿಂದ ಬಂದ ಚಿಕ್ಕರಂಗಪ್ಪ ಅವರು ಮನೆ ಪಕ್ಕದ ಕೋರ್ಸ್‌ನಲ್ಲೇ ಆಟ ಕಲಿತು ದೇಶದ ಹೆಸರಾಂತ ವೃತ್ತಿಪರ ಆಟಗಾರರಾದರು. ಈ ಆಟ ದುಡ್ಡಿರುವವರದ್ದು ಮಾತ್ರ ಅಂತ ಯಾರಾದರೂ ಹೇಳಿದರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಪ್ರಶ್ನೆ: ಹಾಸನದಲ್ಲಿ ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಹಳೆಯ ಗಾಲ್ಫ್ ಸೆಟ್ ಸಿಕ್ಕಿದೆ. ಕಬ್ಬಿಣ ತುಕ್ಕು ಹಿಡಿದಿದೆ, ಹಿಡಿ ಕಲ್ಲಿನ ಹಾಗಾಗಿದೆ. ಕಲಿಯಲು ಬಳಸಬಹುದಾ, ಗುಜರಿಗೆ ಹಾಕಲಾ?

ಉತ್ತರ: ಅಯ್ಯೋ, ಗುಜರಿಗೆ ಹಾಕಬೇಡಿ! ಮೊದಲು ಕೋಲು ತಲೆಗೆ ಸೇರುವ ಜಾಗ ಪರೀಕ್ಷಿಸಿ. ಮೇಲೆ ಮೇಲೆ ತುಕ್ಕು ಇದ್ದರೆ ಉಜ್ಜಿದರೆ ಹೋಗುತ್ತದೆ. ಅಲ್ಲಿ ಗುಳಿ ಬಿದ್ದಿದ್ದರೆ, ಬಿರುಕಿದ್ದರೆ ಆ ಕ್ಲಬ್ ಬಳಸಲೇಬೇಡಿ, ಬೀಸುವಾಗ ಮುರಿದು ತಲೆ ಹಾರಿ ಯಾರಿಗಾದರೂ ಬಡಿಯಬಹುದು. ಹಿಡಿಯನ್ನು ಸೋಪಿನ ನೀರಿನಲ್ಲಿ ತಿಕ್ಕಿ ನೋಡಿ, ಮೆತ್ತಗಾಗದಿದ್ದರೆ ಹೊಸ ರಬ್ಬರ್ ಹಾಕಿಸಿ, ಹೊಸ ಕ್ಲಬ್ಬಿಗಿಂತ ತುಂಬಾ ಕಡಿಮೆ ಖರ್ಚು. ಎಲ್ಲಕ್ಕೂ ಬೇಡ, ನಾಲ್ಕೈದಕ್ಕೆ ಸಾಕು. ಒಂದು ಮಾತು ನೆನಪಿಡಿ: ಹಳೆಯ ಕಾಲದ 7 ಐರನ್‌ನ ಓರೆ ಈಗಿನ 9 ಐರನ್‌ಗೆ ಹತ್ತಿರ ಇರುತ್ತದೆ. ಪಕ್ಕದವರ 7 ಐರನ್ ನಿಮ್ಮದಕ್ಕಿಂತ ಇಪ್ಪತ್ತು ಗಜ ಮುಂದೆ ಹೋದರೆ ಜೋರಾಗಿ ಬೀಸಲು ಹೋಗಬೇಡಿ. ಅಜ್ಜನ ಸೆಟ್‌ನ 5 ನಂಬರ್ ಐರನ್ ಬಳಸಿ.