ಪ್ರವಾದನೆ ಬಂತು ಅಂತ ದುಬೈ ಕೆಲಸ ಬಿಡಬೇಕಾ?

ಬ್ರದರ್, ಉಡುಪಿಯ ಪ್ರಾರ್ಥನಾ ಕೂಟದಲ್ಲಿ ಒಬ್ಬರು "ದುಬೈಗೆ ಹೋಗಬೇಡ, ದೇವರ ಚಿತ್ತವಲ್ಲ" ಎಂದು ಪ್ರವಾದನೆ (ದೇವರು ತಿಳಿಸಿದ್ದು ಎನ್ನುವ ಮಾತು) ಹೇಳಿದರು, ಕೇಳಲೇಬೇಕಾ ಅಂತ ಬರೆದಿದ್ದೀರಿ. ಬೈಬಲಿನ ಅಪೊಸ್ತಲರ ಕೃತ್ಯಗಳು 21ನೇ ಅಧ್ಯಾಯ ನಿಧಾನವಾಗಿ ಓದಿ. ಅಪೊಸ್ತಲ ಪೌಲ ಆಗ ಯೆರೂಸಲೇಮಿಗೆ ಹೊರಟಿದ್ದ. ಅಗಬನೆಂಬ ಪ್ರವಾದಿ ಪೌಲನ ನಡುಕಟ್ಟು ತೆಗೆದುಕೊಂಡು ತನ್ನದೇ ಕೈಕಾಲು ಕಟ್ಟಿಕೊಂಡ. ಈ ನಡುಕಟ್ಟಿನ ಯಜಮಾನನನ್ನು ಯೆರೂಸಲೇಮಿನಲ್ಲಿ ಹೀಗೆ ಕಟ್ಟಿ ಅನ್ಯಜನರ ಕೈಗೆ ಒಪ್ಪಿಸುತ್ತಾರೆ ಎಂದ. ಅಗಬ ಹೇಳಿದ್ದು ಅಷ್ಟೇ. ಹೋಗಬೇಡ ಎಂದು ಅಳುತ್ತಾ ಬೇಡಿಕೊಂಡದ್ದು ಅಲ್ಲಿದ್ದ ಜನ. ಪೌಲ ಹೋಗಿಯೇ ಹೋದ. ಮುಂದೇನಾಗುತ್ತದೆ ಎನ್ನುವುದು ಬೇರೆ, ನಾವೇನು ಮಾಡಬೇಕು ಎನ್ನುವುದು ಬೇರೆ ಅಲ್ವಾ?

ಹಾಗಂತ ಸುಮ್ನೆ ತಳ್ಳಿಹಾಕಬೇಡಿ. ಪ್ರವಾದನೆಯನ್ನು ಕಡೆಗಣಿಸಬೇಡಿ, ಎಲ್ಲವನ್ನೂ ಪರೀಕ್ಷಿಸಿ ಎಂದು ಪೌಲನೇ ಥೆಸಲೊನೀಕದವರಿಗೆ ಬರೆದಿದ್ದಾನೆ. ಆ ಮಾತನ್ನು ನಿಮ್ಮ ಸಭಾಪಾಲಕರ ಮುಂದೆ, ಮನೆಯವರ ಮುಂದೆ ಇಟ್ಟು ಒಟ್ಟಿಗೆ ಪ್ರಾರ್ಥಿಸಿ. ಹೇಳಿದವರೇ ಪರೀಕ್ಷೆಗೆ ಒಪ್ಪದಿದ್ದರೆ ನಾನಂತೂ ಅವರ ಮಾತಿನ ಮೇಲೆ ಕೆಲಸ ಬಿಡುವುದಿಲ್ಲ.